ಸೊನ್ನೆ ಹಾಕಿದ ಮನೆಗಳು

ಸೌಟಕ್ಕನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ನಗರಸಭೆಯ ಆರೋಗ್ಯ ವಿಭಾಗದಲ್ಲಿ ಸೊಳ್ಳೆಯ ಹುಳ ಹುಡುಕುವ ಕೆಲಸ ಅವಳದು. ನನ್ನದೂ ಅದೇ. ಮನೆಮನೆಗೆ ಹೋಗಿ ಡ್ರಮ್ಮು, ತೊಟ್ಟಿ, ಹೂವಿನ ಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ಎಲ್ಲೆಲ್ಲಿ ನೀರು ನಿಂತಿದೆಯೋ ಅಲ್ಲೆಲ್ಲ ಟಾರ್ಚು ಬಿಟ್ಟು ನೋಡಬೇಕು. ಹುಳ ಕಂಡರೆ ನೀರು ಚೆಲ್ಲಿಸಬೇಕು. ಹೊರಡುವಾಗ ಬಾಗಿಲ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ತಾರೀಕು ಬರೆಯಬೇಕು. ನೀರು ಮೊಗೆಯಲು ಕೊಟ್ಟ ಪ್ಲಾಸ್ಟಿಕ್ ಮಗ್ಗು ಒಂದೇ ವಾರಕ್ಕೆ ಒಡೆಯಿತೆಂದು ಅವಳು ಮನೆಯಿಂದ ಉದ್ದ ಹಿಡಿಯ ಸ್ಟೀಲಿನ ಸೌಟು ತಂದಳು. ಹದಿನಾರು ವರ್ಷ ಅದೇ ಸೌಟು ನಡೆಯಿತು.

ಅವಳ ಬಾಯಿಗೆ ಹೆದರಿಯೇ ಅರ್ಧ ಬೀದಿ ಡ್ರಮ್ಮು ಮುಚ್ಚಿಡುತ್ತಿತ್ತು. ಹುಳ ತುಂಬಿದ ಸೌಟನ್ನು ಮನೆಯೊಡತಿಯ ಮೂಗಿನ ಹತ್ತಿರ ಹಿಡಿದು, "ಏನಮ್ಮಾ, ಸಾಕ್ತಾ ಇದೀರಾ? ಹೊತ್ತಿಗೆ ಸರಿಯಾಗಿ ಊಟ ಹಾಕ್ತೀರಾ ಇವಕ್ಕೆ?" ಎನ್ನುವಳು. ಅವರು ಮುಖ ಗಂಟು ಹಾಕಿಕೊಂಡರೂ ಎದುರಾಡುತ್ತಿರಲಿಲ್ಲ. ನಾನು ಆರು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗ ಬಾಯಿಬಾರದವಳು. ಬೇರೆಯವರ ಮನೆಯ ಬಚ್ಚಲಿಗೆ ನುಗ್ಗುವ ಧೈರ್ಯ ಕಲಿಸಿದವಳು ಅವಳೇ.

ನಾಲ್ಕು ವರ್ಷದ ಹಿಂದೆ ಅವಳಿಗೂ ಅವಳ ಮಗಳಿಗೂ ಒಂದೇ ವಾರದಲ್ಲಿ ಡೆಂಗಿ ಬಂತು. ಹತ್ತು ದಿನ ಹಾಸಿಗೆ ಹಿಡಿದು ಇಬ್ಬರೂ ಎದ್ದರು. ಕೆಲಸಕ್ಕೆ ಮರಳಿದ ದಿನ ಅವಳು ಸೊಳ್ಳೆ ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆಯ ಸೀಸೆಯನ್ನು ನನ್ನ ಚೀಲಕ್ಕೆ ತುರುಕಿದಳು.

"ಇದು ನಿಂಗೇ ಇರಲಿ. ನಂಗಿನ್ನು ಬೇಡ."

"ಯಾಕಕ್ಕಾ?"

"ದಡಾರ ಒಂದ್ಸಲ ಎದ್ದೋರಿಗೆ ಮತ್ತೆ ಏಳುತ್ತೇನೇ? ಹಾಗೇ ಇದು. ಬಂತು, ಹೋಯ್ತು, ಮುಗೀತು."

ಅಂದಿನಿಂದ ಜ್ವರದ ಬೀದಿಗಳೆಲ್ಲ ಅವಳ ಪಾಲಿಗೆ ಬಂದವು. ಮೇಲಿನ ಸಾಹೇಬರು ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ, ಅವಳೇ ಮುಂದೆ ಬೀಳುತ್ತಿದ್ದಳು. "ನಿನ್ನ ಮೈಗೆ ಇನ್ನೂ ಪಾಠ ಆಗಿಲ್ಲ, ನೀನು ಆ ಕಡೆ ಹೋಗು" ಎಂದು ನನ್ನನ್ನು ಒಳ್ಳೆಯ ಬೀದಿಗೆ ಅಟ್ಟುವಳು. ಸಮವಸ್ತ್ರದ ತೋಳು ಮೇಲಕ್ಕೆ ಮಡಚಿಕೊಂಡು, ಬರಿಗಾಲಲ್ಲಿ ಬಚ್ಚಲಿಗೆ ಇಳಿಯುವಳು. ಮಕ್ಕಳು ಜ್ವರದಿಂದ ಎದ್ದ ಮನೆಗೆ ಹೋದರೆ ತಾಯಂದಿರ ಬೆನ್ನು ತಟ್ಟುವಳು. "ಇನ್ನು ಹೆದರ್ಕೋಬೇಡಿ. ನನ್ನನ್ನೇ ನೋಡಿ. ಮತ್ತೆ ಬರಲ್ಲ" ಎನ್ನುವಳು. ಹೆದರಿಸಿ ಹೆದರಿಸಿ ಸಾಕಾದವಳಿಗೆ ಒಂದು ಸಮಾಧಾನದ ಮಾತು ಹೇಳುವುದೆಂದರೆ ಎಷ್ಟು ಖುಷಿಯಿತ್ತೋ, ಆ ಮಾತು ಹೇಳುವಾಗ ಅವಳ ದನಿಯೇ ಬೇರೆಯಾಗುತ್ತಿತ್ತು.

ತಪ್ಪನ್ನೆಲ್ಲ ಅವಳ ತಲೆಗೆ ಕಟ್ಟುವಷ್ಟು ನಾನು ಕೆಟ್ಟವಳಲ್ಲ. ಸೊನ್ನೆ ನನ್ನ ತಲೆಯಿಂದ ಬಂದದ್ದು. ನಾವಿಬ್ಬರೇ, ಏಳುನೂರು ಮನೆ. ಹದಿನೈದು ದಿನಕ್ಕೊಮ್ಮೆ ಎಲ್ಲವನ್ನೂ ಮುಗಿಸಬೇಕು. ಒಂದು ಮಧ್ಯಾಹ್ನ ಕಾಲು ಬಿದ್ದುಹೋಗುವಂತಾಗಿ ಒಂದು ಜಗಲಿಯ ಮೇಲೆ ಕೂತು ಹೇಳಿದೆ, "ಜ್ವರ ಬಂದುಹೋದ ಮನೆಗಳಿಗೆ ಪ್ರತಿ ಸಲ ಯಾಕಕ್ಕಾ ಹೋಗ್ಬೇಕು? ತಾರೀಕಿನ ಪಕ್ಕ ಒಂದು ಸೊನ್ನೆ ಹಾಕಿ ಮುಂದೆ ಹೋಗೋಣ."

ಅವಳು ನನ್ನನ್ನೇ ನೋಡಿ ನಕ್ಕಳು. "ತಲೆ ಇದೆ ಕಣೇ ನಿಂಗೆ" ಎಂದಳು.

ಆ ಮನೆಯ ಸೊಳ್ಳೆ ಪಕ್ಕದ ಮನೆಗೆ ಹೋಗುವುದಿಲ್ಲವೇ ಎಂದು ಯಾರಾದರೂ ಕೇಳಿದ್ದರೆ ನಮ್ಮ ಹತ್ತಿರ ಉತ್ತರವಿರಲಿಲ್ಲ. ಯಾರೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ. ಕಾಲು ನೋಯುತ್ತಿತ್ತು, ಅಷ್ಟೇ. ಸೌಟಕ್ಕನ ಮನೆಯೂ ನಮ್ಮ ಬೀದಿಗಳಲ್ಲೇ ಇದ್ದದ್ದರಿಂದ ಮೊದಲ ಸೊನ್ನೆಯನ್ನು ಅವಳು ತನ್ನ ಬಾಗಿಲ ಪಕ್ಕದಲ್ಲೇ ಬರೆದಳು. ದುಂಡಗೆ, ದೊಡ್ಡದಾಗಿ ಬರೆದಳು. ನಾಲ್ಕು ವರ್ಷದಲ್ಲಿ ಅಂಥ ಸೊನ್ನೆಗಳು ಅರವತ್ತೊಂದಾದವು. ಮಳೆಗೆ ಮಾಸಿದಾಗಲೆಲ್ಲ ನಾವೇ ತಿದ್ದುತ್ತಿದ್ದೆವು.

ಈ ವರ್ಷ ಜ್ವರ ಎಂದಿಗಿಂತ ಜೋರಾಗಿತ್ತು. ಒಂದು ಸೋಮವಾರ ಸೌಟಕ್ಕ ಕೆಂಪು ಕಣ್ಣು ಮಾಡಿಕೊಂಡು ಬಂದಳು. ಮೈ ಮುಟ್ಟಿದರೆ ಸುಡುತ್ತಿತ್ತು. ರಕ್ತ ಪರೀಕ್ಷೆ ಮಾಡಿಸೋಣ ಅಂದೆ.

"ನಂಗೆಲ್ಲಿಂದ ಡೆಂಗಿ ಬರುತ್ತೇ? ಲ್ಯಾಬಿನೋರು ನಗ್ತಾರೆ. ಮಳೇಲಿ ನೆನೆದಿದ್ದೆ, ಅದಕ್ಕೆ."

ಅವಳ ಮಾತು ನನಗೂ ಸರಿಯೆನಿಸಿತ್ತು. ಮೂರು ದಿನ ರಜೆ ಹಾಕಿ, ಔಷಧಿ ಅಂಗಡಿಯಿಂದ ಮೈಕೈ ನೋವಿನ ಮಾತ್ರೆ ತರಿಸಿ ನುಂಗಿದಳು. ಶುಕ್ರವಾರ ಬೆಳಿಗ್ಗೆ ಜ್ವರ ಬಿಟ್ಟಿತೆಂದು ಕೆಲಸಕ್ಕೆ ಬಂದೇಬಿಟ್ಟಳು. "ನೋಡ್ದಾ, ಹೇಳಿರಲಿಲ್ವಾ" ಎಂದು ನನ್ನ ಕಿವಿ ಹಿಂಡಿದಳು. ಅವಳ ಬೆರಳು ತಣ್ಣಗಿತ್ತು. ಜ್ವರ ಬಿಟ್ಟ ಮೈಯಲ್ಲವೇ ಎಂದುಕೊಂಡೆ.

ಮೂರನೆಯ ಬೀದಿಯ ಕೊನೆಯಲ್ಲಿ ಅವಳು ಯಾರದೋ ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಹೊಟ್ಟೆ ಹಿಡಿದುಕೊಂಡು ಎರಡು ಸಲ ವಾಂತಿ ಮಾಡಿದಳು. ಬಾಯಿ ಒರೆಸಿಕೊಂಡ ಸೆರಗಿನಲ್ಲಿ ರಕ್ತವಿತ್ತು. ಎಲ್ಲಿಂದ ಎಂದು ನೋಡಿದರೆ ವಸಡಿನಿಂದ ಜಿನುಗುತ್ತಿತ್ತು. ಆ ಮನೆಯವರೇ ಆಟೋ ಕರೆದು ನಮ್ಮನ್ನು ಹತ್ತಿಸಿದರು.

ಆಸ್ಪತ್ರೆಯಲ್ಲಿ ಇದ್ದದ್ದು ಸಣ್ಣ ವಯಸ್ಸಿನ ಡಾಕ್ಟರಮ್ಮ. ನಾಡಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಡ್ರಿಪ್ಪು ಹಾಕಿಸಿದರು. ಬರೆದುಕೊಳ್ಳುತ್ತಾ ಕೇಳಿದರು, "ಇವರಿಗೆ ಹಿಂದೆ ಯಾವಾಗಲಾದ್ರೂ ಡೆಂಗಿ ಬಂದಿತ್ತಾ?"

"ಬಂದಿತ್ತು ಡಾಕ್ಟ್ರೇ, ನಾಲ್ಕು ವರ್ಷದ ಹಿಂದೆ. ಹಾಗಾಗಿ ಇದು ಅದಲ್ಲ" ಎಂದೆ. ಒಳ್ಳೆಯ ಸುದ್ದಿ ಹೇಳುವವಳ ಹಾಗೆ ಹೇಳಿದೆ. ಆ ದನಿ ಈಗಲೂ ನನ್ನ ಕಿವಿಯಲ್ಲಿದೆ, ನನಗೇ ಅಸಹ್ಯವಾಗುತ್ತದೆ.

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. ನಮ್ಮ ಸಮವಸ್ತ್ರ ನೋಡಿದರು.

"ನೀವು ಆರೋಗ್ಯ ವಿಭಾಗದೋರಲ್ವಾ? ಡೆಂಗಿಲಿ ನಾಲ್ಕು ಬಗೆ ಇದೆ. ಒಂದು ಬಂದು ಹೋದ್ರೆ ಆ ಒಂದು ಮತ್ತೆ ಬರಲ್ಲ. ಉಳಿದ ಮೂರಕ್ಕೂ ಕೆಲವು ತಿಂಗಳು ಸ್ವಲ್ಪ ತಡೆ ಇರುತ್ತೆ, ಆಮೇಲೆ ಅದೂ ಇರಲ್ಲ. ಎರಡನೇ ಸಲ ಬೇರೆ ಬಗೇದು ಬಂದ್ರೆ ಮೊದಲಿಗಿಂತ ಜೋರಾಗೋ ಅಪಾಯ ಜಾಸ್ತಿ. ಅದೂ ಜ್ವರ ಬಿಡೋ ಹೊತ್ತಲ್ಲೇ ಕೈ ಕೊಡೋದು."

ನಮ್ಮ ತರಬೇತಿಯಲ್ಲಿ ಇದನ್ನು ಹೇಳಿದ್ದರೂ ಹೇಳಿರಬಹುದು. ಊಟವಾದ ಮೇಲಿನ ಹೊತ್ತು, ಪರದೆಯ ಮೇಲೆ ಹುಳದ ಚಿತ್ರ ಓಡುತ್ತಿತ್ತು. ನಾನು ತೂಕಡಿಸುತ್ತಿದ್ದೆ. ಸೌಟಕ್ಕ ಪಕ್ಕದವಳ ಜೊತೆ ಪಿಸುಗುಟ್ಟುತ್ತಿದ್ದಳು.

ಮಂಚದ ಮೇಲಿದ್ದ ಸೌಟಕ್ಕ ನಿದ್ದೆಯಲ್ಲಿದ್ದಾಳೆಂದು ನಾವು ತಿಳಿದಿದ್ದೆವು. ಕಣ್ಣು ಮುಚ್ಚಿಕೊಂಡೇ ಕೇಳಿದಳು, "ನಾಲ್ಕಾ?"

"ಹೌದಮ್ಮಾ. ನೀವು ಮಾತಾಡಬೇಡಿ, ಸುಸ್ತಾಗುತ್ತೆ" ಎಂದರು ಡಾಕ್ಟರಮ್ಮ.

ಅವಳು ನನ್ನ ಕೈ ಹುಡುಕಿ ಹಿಡಿದಳು. "ಹಾಗಾದ್ರೆ ನನ್ನ ಮಗಳಿಗೆ ಇನ್ನೂ ಮೂರು ಬಾಕಿ ಇದೆ ಕಣೇ. ಮನೆಗೆ ಹೋಗು. ಸೌಟು ತಗೊಂಡು ಹೋಗು. ಮೂಲೆಮೂಲೆ ನೋಡು."

ಅಷ್ಟರಲ್ಲಿ ಗೂಡ್ಸ್ ವ್ಯಾನು ಓಡಿಸುವ ಅವಳ ಗಂಡ ಬಂದು ಮಂಚದ ಪಕ್ಕ ನಿಂತರು. ಅವರಿಗೆ ಜಾಗ ಬಿಟ್ಟು ನಾನು ಹೊರಟೆ. ಬಾಗಿಲವರೆಗೆ ಹೋದವಳನ್ನು ಮತ್ತೆ ಕರೆದಳು.

"ಸೊನ್ನೆ ಅಳಿಸು. ಎಲ್ಲಾನೂ."

ಅವಳ ಮನೆಯ ಬಾಗಿಲು ತೆಗೆದದ್ದು ಮಗಳು. ಹದಿನೈದು ವರ್ಷದವಳು, ಮೇಜಿನ ತುಂಬ ಪುಸ್ತಕ ಹರಡಿಕೊಂಡು ಪರೀಕ್ಷೆಗೆ ಓದುತ್ತಿದ್ದಳು. ನಾನು ನೇರ ಒಳಗೆ ಹೋದೆ. ಹಿತ್ತಲ ಡ್ರಮ್ಮಿಗೆ ಭದ್ರವಾದ ಮುಚ್ಚಳವಿತ್ತು, ಬಟ್ಟೆಯೂ ಕಟ್ಟಿತ್ತು. ಬಚ್ಚಲು ಒಣಗಿತ್ತು. ಇಂಥ ಹೆಂಗಸಿನ ಮನೆಯಲ್ಲಿ ಏನು ಸಿಗಬೇಕು ಎಂದುಕೊಂಡು ಎದ್ದವಳಿಗೆ ಕಿಟಕಿಯಲ್ಲಿ ಸಾಲಾಗಿಟ್ಟ ಗಾಜಿನ ಸೀಸೆಗಳು ಕಂಡವು. ಮಗಳು ಒಂದೊಂದರಲ್ಲೂ ನೀರು ತುಂಬಿ ಬಳ್ಳಿ ಬೆಳೆಸಿದ್ದಳು, ಅವಳ ಓದುವ ಮೇಜಿಗೆ ಒಂದು ಗೇಣಿನ ದೂರದಲ್ಲಿ. ಟಾರ್ಚು ಬಿಟ್ಟೆ. ಏಳು ಸೀಸೆಯಲ್ಲಿ ಐದರಲ್ಲಿ ಹುಳ ಕುಣಿಯುತ್ತಿದ್ದವು.

"ನೀರು ಬದಲಾಯಿಸಲ್ವೇನಮ್ಮಾ?"

"ಬೇರು ಬಿಡೋವರೆಗೂ ಬದಲಾಯಿಸಬಾರದಂತೆ. ಅಮ್ಮ ನೋಡಿದ್ದಾಳೆ, ಇರಲಿ ಬಿಡು ಅಂದ್ಲು. ನಮಗೆ ಬಂದುಹೋಗಿದೆಯಲ್ಲ ಚಿಕ್ಕಮ್ಮ." ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು, "ಅಮ್ಮ ಹೇಗಿದ್ದಾಳೆ?"

"ಡ್ರಿಪ್ಪು ಹಾಕಿದ್ದಾರೆ. ಅಪ್ಪ ಇದ್ದಾರೆ ಅಲ್ಲಿ" ಎಂದೆ. ಸೀಸೆಗಳನ್ನು ಒಂದೊಂದಾಗಿ ಅಂಗಳದ ಒಣ ಮಣ್ಣಿಗೆ ಸುರಿದೆ. ಅವಳು ಬಳ್ಳಿಗಳನ್ನು ಎದೆಗೊತ್ತಿಕೊಂಡು ನೋಡುತ್ತ ನಿಂತಳು. ಹೊರಡುವಾಗ ಒದ್ದೆ ಅಂಗೈಯಿಂದ ಬಾಗಿಲ ಪಕ್ಕದ ಸೊನ್ನೆ ಉಜ್ಜಿದೆ. ನಾಲ್ಕು ವರ್ಷ ತಿದ್ದಿ ತಿದ್ದಿ ಅದು ಗೋಡೆಯಲ್ಲೇ ಕೂತುಬಿಟ್ಟಿತ್ತು, ಉಗುರಿನಿಂದ ಕೆರೆಯಬೇಕಾಯಿತು.

ಸೌಟಕ್ಕ ಶನಿವಾರ ಮಧ್ಯಾಹ್ನ ಹೋದಳು. ಡಾಕ್ಟರಮ್ಮ ಮಾಡುವುದನ್ನೆಲ್ಲ ಮಾಡಿದ್ದರು. ಮೊದಲ ದಿನವೇ ಬಂದಿದ್ದರೆ, ರಕ್ತಸ್ರಾವ ಹೆಚ್ಚಿಸುವ ಆ ನೋವಿನ ಮಾತ್ರೆ ನುಂಗದಿದ್ದರೆ ಉಳಿಯುತ್ತಿದ್ದಳೇನೋ ಎಂದು ಅವಳ ಗಂಡನಿಗೆ ಹೇಳುತ್ತಿದ್ದರು. ಆ ಮಾತು ನನಗೇ ಹೇಳಿದಂತಿತ್ತು. ಸೋಮವಾರ ಅವಳ ಮೈ ಮುಟ್ಟಿ ನೋಡಿದವಳು ನಾನು.

ಬುಧವಾರದಿಂದ ಉಳಿದ ಅರವತ್ತು ಮನೆಗಳಿಗೆ ಹೊರಟೆ. ಸಾಹೇಬರು ಬೇರೆ ಕೆಲಸ ಹೇಳಿದರು, ಕಿವಿಗೆ ಹಾಕಿಕೊಳ್ಳಲಿಲ್ಲ. ಪ್ರತಿ ಬಾಗಿಲಲ್ಲೂ ನಾಲ್ಕು ಬಗೆಯ ಕತೆ ಹೇಳುವುದು, ಒಳಗೆಲ್ಲ ನೋಡುವುದು, ಸೊನ್ನೆ ಕೆರೆಯುವುದು. ಜನಕ್ಕೆ ಹೆದರಿಕೆಯ ಮಾತಿಗಿಂತ ಸಮಾಧಾನದ ಮಾತೇ ಚೆನ್ನಾಗಿ ನೆನಪಿರುತ್ತದೆ ಎಂಬುದು ಆ ದಿನಗಳಲ್ಲಿ ನನಗೆ ಗೊತ್ತಾಯಿತು. ಕೆಲವರು ಬಾಗಿಲು ಮುಚ್ಚಿಕೊಂಡರು.

ಶುಕ್ರವಾರ ಕೊನೆಯ ಬೀದಿಯ ಒಂದು ಮನೆಯಲ್ಲಿ ಹೆಂಗಸೊಬ್ಬಳು ಸೊಂಟದ ಮೇಲೆ ಮಗುವನ್ನು ಕೂರಿಸಿಕೊಂಡು ಬಾಗಿಲಿಗೆ ಅಡ್ಡ ನಿಂತಳು.

"ನಮ್ಮ ಪಾಪುಗೆ ಹೋದ ವರ್ಷಾನೇ ಬಂದುಹೋಯ್ತು. ಮತ್ತೆ ಬರಲ್ಲ. ಸೌಟು ಹಿಡ್ಕೊಂಡು ಬರ್ತಾರಲ್ಲ, ಆ ಅಕ್ಕನೇ ಹೇಳಿದ್ದಾರೆ. ಬೇಕಾದ್ರೆ ಅವರನ್ನೇ ಕೇಳಿ."

ನಾನು ಚೀಲದಿಂದ ಸೌಟು ತೆಗೆದು ತೋರಿಸಿದೆ. "ಅವರೇ ಕಳಿಸಿದ್ದು" ಎಂದೆ.

ಅವಳು ಸೌಟಿನ ಗುರುತು ಹಿಡಿದು ಪಕ್ಕಕ್ಕೆ ಸರಿದಳು. ಹಿತ್ತಲ ಡ್ರಮ್ಮಿನೊಳಗೆ ಸೌಟು ಇಳಿಸಿ ಎತ್ತಿದೆ. ನೀರಿಗಿಂತ ಹುಳವೇ ಹೆಚ್ಚಿತ್ತು. ಅವಳು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ನಾಚಿಕೆಯಿಂದ ನಕ್ಕಳು.

"ಈಗಲೇ ಚೆಲ್ಲಿ ತೊಳೆದಿಡ್ತೀನಿ. ಅಕ್ಕನಿಗೆ ಹೇಳ್ಬಿಡಿ, ಬಂದು ಬೈಬಾರದು ಅಂತ."

"ಹೇಳ್ತೀನಿ" ಎಂದೆ.