ನಾಲ್ಕು ಮಡಿಕೆಯ ಬೆಡ್‌ಶೀಟು

ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ಬಟ್ಟೆ ತಿಕ್ಕಿ ಮಡಿಸಿದವಳು. ಬೀದಿಗೆಲ್ಲ ಅವಳು ಇಸ್ತ್ರಿ ಅಕ್ಕ. ಸಂಧಿವಾತ ಬಂದು ಬೆರಳುಗಳು ಬೆಳಗಾದರೆ ಕೊರಡಿನಂತೆ ಸೆಟೆಯತೊಡಗಿದಾಗ ಲಾಂಡ್ರಿ ಬಿಟ್ಟಳು. ಮನೆಗೆಲಸ ಬಿಡುವ ಹಾಗಿರಲಿಲ್ಲ. ಅದು ಮಗಳ ತಲೆಗೆ ಬಂತು. ಅವಳು ನರ್ಸಿಂಗ್ ಕಾಲೇಜಿನಿಂದ ಒಂದು ವಾರಕ್ಕೆಂದು ಬಂದವಳು. ಆ ವಾರಕ್ಕೆ ಈಗ ವರ್ಷ ತುಂಬಿತ್ತು. ಉಂಡ ತಟ್ಟೆಯನ್ನು ಗಂಡ ಮೊದಲು ಹೆಂಡತಿಗೆ ಬಿಟ್ಟೇಳುತ್ತಿದ್ದ, ಈಗ ಮಗಳಿಗೆ.

ಅಂಗವೈಕಲ್ಯದ ಪ್ರಮಾಣಪತ್ರ ಸಿಕ್ಕರೆ ಪಿಂಚಣಿ. ಪಿಂಚಣಿ ಬಂದರೆ ಕೆಲಸಕ್ಕೊಬ್ಬಳನ್ನು ಇಟ್ಟುಕೊಂಡು ಮಗಳನ್ನು ಕಾಲೇಜಿಗೆ ಕಳಿಸಬಹುದು. ಈ ತಿಂಗಳ ಕೊನೆಯವರೆಗೆ ಸೀಟು ಕಾಯ್ದಿಡುತ್ತೇವೆ ಎಂದಿದ್ದರು ಕಾಲೇಜಿನವರು.

ಆಸ್ಪತ್ರೆಗೆ ಹೊರಡುವ ದಿನ ಮಗಳು ಅಮ್ಮನ ತಲೆ ಬಾಚಿ, ಗುಂಡಿ ಹಾಕಿ ಹೇಳಿದಳು, "ಅಲ್ಲಿ ಹೋಗಿ ಗಟ್ಟಿಗಿತ್ತಿ ಥರ ಆಡ್ಬೇಡ. ನೋವಿದೆ ಅಂತ ಬಾಯ್ಬಿಟ್ಟು ಹೇಳು."

"ನೋವನ್ನೂ ಇಸ್ತ್ರಿ ಮಾಡಿ ತೋರಿಸ್ಬೇಕೇನೆ?"

ಸರದಿ ಬಂದದ್ದು ಮಧ್ಯಾಹ್ನ. ಅಷ್ಟು ಹೊತ್ತಿಗೆ ಬೆರಳುಗಳು ತುಸು ಸಡಿಲವಾಗಿದ್ದವು. ಮಗಳು ಕಾಗದ ಜೆರಾಕ್ಸ್ ಮಾಡಿಸಲು ಹೋದಳು, ಡಾಕ್ಟರು ಫೋನು ಬಂತೆಂದು ಹೊರಗೆ ನಡೆದರು. ಪರೀಕ್ಷೆಯ ಮಂಚದ ಮೇಲಿನ ಬೆಡ್‌ಶೀಟು ಮುದ್ದೆಯಾಗಿ, ಒಂದು ತುದಿ ನೆಲ ಒರೆಸುತ್ತಿತ್ತು. ಅವಳು ಮುಖ ತಿರುಗಿಸಿದಳು. ಮತ್ತೆ ನೋಡಿದಳು. ಕೊನೆಗೆ ಎದ್ದಳು. ಬೆರಳು ಹಿಡಿಯದ ಕಡೆ ಮೊಣಕೈ, ಗಲ್ಲ ಕೊಟ್ಟು, ಮೂಲೆಗೆ ಮೂಲೆ ಸೇರಿಸಿ ನಾಲ್ಕು ಮಡಿಕೆ ಮಾಡಿದಳು. ನೋವು ಭುಜದವರೆಗೆ ಹರಿಯಿತು.

"ಎಷ್ಟು ಚೆನ್ನಾಗಿ ಮಡಿಸಿದ್ದೀರಿ," ಎಂದರು ಬಾಗಿಲಲ್ಲಿ ನಿಂತ ಡಾಕ್ಟರು.

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಆಡದ ಮಾತು. ಅವಳ ಮುಖ ಅರಳಿತು. "ಅದೇನ್ ಮಹಾ ಬಿಡಿ ಡಾಕ್ಟ್ರೇ. ಅಭ್ಯಾಸ."

ಅವರು ಬೆರಳುಗಳನ್ನು ಒಮ್ಮೆ ಬಾಗಿಸಿ ನೋಡಿ ಬರೆದುಕೊಟ್ಟರು. ಹೊರಗೆ ಮಗಳು ಓದಿದಳು: 'ಮನೆಗೆಲಸಕ್ಕೆ ಕೈ ಶಕ್ತ. ಅರ್ಹರಲ್ಲ.'

"ಒಳಗೆ ಏನ್ ಮಾಡ್ದೆ ಅಮ್ಮಾ?"

"ಬೆಡ್‌ಶೀಟು ಮಡಿಸ್ದೆ. ನೆಲಕ್ಕೆ ಬೀಳ್ತಿತ್ತು ಕಣೆ."

ಮಗಳು ಆ ಕಾಗದವನ್ನು ಜೆರಾಕ್ಸ್ ಪ್ರತಿಗಳ ಜೊತೆ ಚೀಲಕ್ಕೆ ಹಾಕಿಕೊಂಡು ನಡೆದಳು. ಬೈದಿದ್ದರೆ ಚೆನ್ನಾಗಿತ್ತು.

"ಮುಂದಿನ ವರ್ಷ ಇನ್ನೊಂದು ಅರ್ಜಿ ಹಾಕಿದ್ರಾಯ್ತು," ಎಂದ ಗಂಡ, ಆ ರಾತ್ರಿ ಉಂಡ ತಟ್ಟೆ ಬಿಟ್ಟೇಳುತ್ತ. "ಮಗಳು ಹೇಗೂ ಮನೇಲೇ ಇದ್ದಾಳಲ್ಲ."

ತಿಂಗಳ ಕೊನೆಯ ಬೆಳಿಗ್ಗೆ ಮಗಳು ಮೊಳೆಗೆ ತೂಗುಹಾಕಿದ್ದ ಬಿಳಿ ಯೂನಿಫಾರ್ಮ್ ಇಳಿಸಿ, ಹೇಗೆ ಹೇಗೋ ಸುತ್ತಿ ಹಳೆ ಬಟ್ಟೆಯ ಪೆಟ್ಟಿಗೆಯ ತಳಕ್ಕೆ ತುರುಕಿದಳು. ಮಡಿಸಿಕೊಡೋಣವೆಂದು ಅಮ್ಮ ಕೈ ಚಾಚಿದಳು. ಆ ಹೊತ್ತಿನಲ್ಲಿ ಅವಳ ಒಂದು ಬೆರಳೂ ಬಾಗುತ್ತಿರಲಿಲ್ಲ.