ಏಳು ಸ್ಟಾಪಿನ ನೋವು

ಹೋದ ವಾರ ಮೆಡಿಕಲ್ ಸ್ಟೋರಿನಿಂದ ಬಿಸಿನೀರು ತುಂಬುವ ರಬ್ಬರ್ ಚೀಲವೊಂದನ್ನು ತಂದೆ. ಬಸುರಿ ಮಗಳಿಗೆ ಈಗ ಎಂಟು ತಿಂಗಳು. ಸಂಜೆಯಾದರೆ ಸೊಂಟ ಹಿಡಿದುಕೊಂಡು ಮನೆಯೆಲ್ಲ ಓಡಾಡುತ್ತಾಳೆ. ಹೊಸ ಚೀಲಕ್ಕೆ ಬಿಸಿನೀರು ಹುಯ್ದು ಬಿರಡೆ ತಿರುಗಿಸುವಾಗ ಕಾದ ರಬ್ಬರಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಅಷ್ಟೇ, ನಾನು ನಮ್ಮ ಅಡುಗೆಮನೆಯಲ್ಲಿರಲಿಲ್ಲ. ಸರಸ್ವತಿಪುರಂನ ಆ ಪುಟ್ಟ ನರ್ಸಿಂಗ್ ಹೋಮಿನಲ್ಲಿ ಗೋಡೆ ಹಿಡಿದು ನಿಂತಿದ್ದೆ. ಬೆನ್ನ ಹಿಂದೆ ಆಯಮ್ಮ ಇದ್ದರು.

"ಅಮ್ಮ, ನಿಂಗೆ ಆಗ ನೋವಿಗೆ ಏನು ಕೊಟ್ಟಿದ್ರು?" ಎಂದು ಮಗಳು ಕೇಳಿದಳು. ಅವಳ ಡಾಕ್ಟರು ಬೆನ್ನಿಗೆ ಕೊಡುವ ಸೂಜಿಯ ವಿಷಯ ಹೇಳಿ, ಅದು ಬೇಡವೆಂದರೆ ಬೇರೆ ಏನೇನು ಮಾಡಬಹುದು ಎಂದು ಅಚ್ಚು ಹಾಕಿದ ಒಂದು ಹಾಳೆಯನ್ನೂ ಕೊಟ್ಟು ಕಳಿಸಿದ್ದರು. ಕನ್ನಡಕ ಹಾಕಿಕೊಂಡು ಓದಿದೆ. ಉಸಿರಾಟ, ಓಡಾಟ, ಬಿಸಿನೀರು, ಬೆನ್ನು ಒತ್ತುವುದು, ಜೊತೆಗೆ ಒಬ್ಬರು ಇರುವುದು... ನಗು ಬಂತು. ಆ ಹಾಳೆಯಲ್ಲಿದ್ದುದನ್ನೆಲ್ಲ, ಒಂದಕ್ಷರ ಓದಲು ಬಾರದ ಒಬ್ಬ ಹೆಂಗಸು ನನಗೆ ಆಗಲೇ ಮಾಡಿಸಿದ್ದರು. ಅವರಿಗೆ ನಾನು ಹೇಳಬೇಕಾದ ಒಂದು ಮಾತಿತ್ತು. ಹೇಳಲಿಲ್ಲ. ಇಷ್ಟು ವರ್ಷವಾದರೂ ಅದು ಗಂಟಲಲ್ಲೇ ಇದೆ.

ಅದು ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನ ದೊಡ್ಡಮ್ಮನ ಮಗಳಿಗೆ ಮದರಾಸಿನಲ್ಲಿ ಹೆರಿಗೆಯಾಗಿ, ಬೆನ್ನಿಗೆ ಸೂಜಿ ಹಾಕಿಸಿಕೊಂಡು ಮಾತಾಡುತ್ತ ಮಾತಾಡುತ್ತಲೇ ಮಗು ಹೆತ್ತೆನೆಂದು ಅವಳು ಬಂದವರಿಗೆಲ್ಲ ಹೇಳಿಕೊಂಡಿದ್ದಳು. ನಾನೋ, ಇರುವೆ ಕಚ್ಚಿದರೆ ಮನೆಮಂದಿಯನ್ನೆಲ್ಲ ಸೇರಿಸುವವಳು. ಆ ಸೂಜಿಯೊಂದಿದ್ದರೆ ಬದುಕಿಕೊಂಡೆ ಎಂದು ಒಂಬತ್ತು ತಿಂಗಳೂ ಅದನ್ನೇ ಜಪಿಸಿದ್ದೆ. ಆದರೆ ನನ್ನ ಬೆನ್ನುಮೂಳೆ ಹುಟ್ಟಿನಿಂದಲೇ ಸ್ವಲ್ಪ ಡೊಂಕು. ನಮ್ಮ ಡಾಕ್ಟರಮ್ಮ, ವಯಸ್ಸಾದವರು, ಬೆರಳಿನಿಂದ ಮೂಳೆ ಸವರಿ ನೋಡಿ, "ಈ ಬೆನ್ನಿಗೆ ಆ ಸೂಜಿ ಹಾಕೋಕೆ ನಾನಂತೂ ಹೇಳಲ್ಲಮ್ಮ. ಅದನ್ನ ಹಾಕೋ ಡಾಕ್ಟ್ರೂ ನಮ್ಮಲ್ಲಿಲ್ಲ" ಎಂದುಬಿಟ್ಟರು. ಅವತ್ತು ಮನೆಗೆ ಬಂದು ಊಟ ಬಿಟ್ಟು ಅತ್ತೆ.

ರಕ್ತದೊತ್ತಡ ಸ್ವಲ್ಪ ಏರಿದೆ ಎಂದು ಎರಡು ದಿನ ಮುಂಚೆಯೇ ಸೇರಿಸಿಕೊಂಡರು. ಆಯಮ್ಮನನ್ನು ಕಂಡದ್ದು ಹಾಗೆ. ಐವತ್ತರ ಆಸುಪಾಸು, ನೀಲಿ ಅಂಚಿನ ಬಿಳಿ ಸೀರೆ, ಅಂಗೈ ಮಾತ್ರ ಮರದ ಮಣೆಯಷ್ಟು ಗಟ್ಟಿ. ಕೋಣೆ ಒರೆಸಲು ಬಂದವರು ನನ್ನ ಮುಖ ನೋಡಿ ಬಕೆಟ್ಟು ಕೆಳಗಿಟ್ಟರು.

"ಯಾಕವ್ವ, ಕುರಿ ಕಡಿಯೋಕೆ ಕಟ್ಟಾಕ್ದಂಗೆ ಕುಂತಿದ್ದೀಯ?"

ಸೂಜಿಯ ಕತೆ ಹೇಳಿದೆ. ಮತ್ತೊಮ್ಮೆ ಅಳುವ ಹಾಗಾಯಿತು. ಅವರು ಸಮಾಧಾನ ಮಾಡಲಿಲ್ಲ. ಸುಳ್ಳನ್ನೂ ಹೇಳಲಿಲ್ಲ. ಸೊಂಟಕ್ಕೆ ಕೊಡುವ ಇಂಜೆಕ್ಷನ್ ಒಂದಿದೆ, ಅದು ತಲೆ ತೂಗಿಸುತ್ತದೆ, ನೋವು ಪಕ್ಕದ ಮನೆಗೆ ಹೋದ ಹಾಗಿರುತ್ತದೆ, ಆದರೆ ಹೋಗಿರುವುದಿಲ್ಲ, ಹೆರಿಗೆ ಹತ್ತಿರವಾದ ಮೇಲೆ ಕೊಟ್ಟರೆ ಮಗುವೂ ತೂಕಡಿಸುತ್ತ ಹುಟ್ಟುತ್ತದೆಂದು ಡಾಕ್ಟರಮ್ಮ ಕೊಡುವುದಿಲ್ಲ ಎಂದರು. ಮೂಗಿಗೆ ಹಿಡಿಯುವ ಗ್ಯಾಸೂ ಇದೆಯಂತಲ್ಲ ಎಂದೆ. "ಸಿಲಿಂಡರ್ ಐತೆ. ಗ್ಯಾಸಿಲ್ಲ. ಅದ್ರ ಮ್ಯಾಲೆ ಟವೆಲ್ ಒಣಗಾಕ್ತೀವಿ" ಎಂದರು. ಅಳುತ್ತಿದ್ದವಳು ನಕ್ಕುಬಿಟ್ಟೆ.

ಆಮೇಲೆ ಅವರು ತಮ್ಮ ಬಸ್ಸಿನ ವಿದ್ಯೆ ಹೇಳಿಕೊಟ್ಟರು. ಮನೆ ಬನ್ನಿಮಂಟಪದ ಹತ್ತಿರ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಬೋರ್ಡು ಓದಲು ಬಾರದೆ, ಎಲ್ಲಿ ಇಳಿಯಬೇಕೋ ತಪ್ಪಿಹೋದೀತೆಂದು ಸ್ಟಾಪುಗಳನ್ನು ಬಾಯಲ್ಲೇ ಒಂದೊಂದಾಗಿ ಹೇಳಿಕೊಂಡು ಬರುತ್ತಿದ್ದರಂತೆ. ಬನ್ನಿಮಂಟಪ, ಹೈವೇ ಸರ್ಕಲ್, ಆಯುರ್ವೇದಿಕ್ ಸರ್ಕಲ್, ಮಾರ್ಕೆಟ್ಟು, ಸಿಟಿ ಬಸ್ ಸ್ಟ್ಯಾಂಡು, ಅಗ್ರಹಾರ, ಸರಸ್ವತಿಪುರಂ. ಒಂದು ದಿನ ನೋವು ತಿನ್ನುತ್ತಿದ್ದ ಹುಡುಗಿಯೊಬ್ಬಳು ಕೈ ಹಿಡಿದುಕೊಂಡು ಬಿಡದಿದ್ದಾಗ, ಏನು ಹೇಳಬೇಕೋ ತೋಚದೆ ಅದನ್ನೇ ಹೇಳಿದರಂತೆ. ಏಳು ಸ್ಟಾಪು ಮುಗಿಯುವಷ್ಟರಲ್ಲಿ ನೋವಿನ ಆ ಅಲೆಯೂ ಮುಗಿದಿತ್ತು. ಅಂದಿನಿಂದ ಎಲ್ಲರಿಗೂ ಅದೇ.

"ನೋವು ಶುರುವಾಯ್ತು ಅಂದ್ರೆ ಬಸ್ ಬಂತು ಅಂತ. ನಾನು ಹತ್ತು ಅಂತೀನಿ, ನೀನು ಹತ್ಬುಡು. ಒಂದೊಂದು ಸ್ಟಾಪಿಗೆ ಒಂದೊಂದು ಉಸ್ರು, ಮೂಗಲ್ಲಿ ಎಳ್ಕೊ, ಬಾಯಲ್ಲಿ ಬುಡು. ಮಾರ್ಕೆಟ್ ತಾವ ನೂಕುನುಗ್ಗಲು. ಅಲ್ಲೇ ಎಲ್ರೂ ಕಿರುಚೋದು. ಅಲ್ಲಿ ಇಳಿಯೋಕೆ ಆಗಲ್ಲ ಕಣವ್ವ, ಕುಂತಿರ್ಬೇಕು. ಸಿಟಿ ಸ್ಟ್ಯಾಂಡಲ್ಲಿ ಅರ್ಧ ಜನ ಇಳಿದುಬುಡ್ತಾರೆ, ಆಮೇಲೆ ಹಗೂರ."

ಎರಡು ದಿನ ಕೆಲಸದ ನಡುನಡುವೆ ಬಂದು ಕಾರಿಡಾರಿನಲ್ಲಿ ನಡೆಸಿದರು. ಗೋಡೆ ಹಿಡಿದು ಹೇಗೆ ಬಾಗಬೇಕು, ಮಂಚದ ಮೇಲೆ ಮಲಗುವ ಬದಲು ಮಂಚವನ್ನೇ ಹಿಡಿದು ಹೇಗೆ ತೂಗಬೇಕು, ಎಲ್ಲ ತೋರಿಸಿದರು. ನನ್ನ ಡೊಂಕು ಬೆನ್ನನ್ನು ಅಂಗೈಯಿಂದ ತಡವಿ ಯಾವ ಕಡೆ ಒತ್ತಿದರೆ ಹಾಯೆನಿಸುತ್ತದೆ ಎಂದು ಕಂಡುಕೊಂಡರು. ನನ್ನ ಗಂಡನಿಗೂ ಗೊತ್ತಿಲ್ಲದ ಜಾಗ ಅದು.

ಈಗ ಹೇಳಲು ನಾಚಿಕೆಯಾಗುವ ವಿಷಯಕ್ಕೆ ಬರುತ್ತೇನೆ. ನಮ್ಮ ತಾತ ಅರಮನೆಯಲ್ಲಿ ಶಾಸ್ತ್ರ ಹೇಳುತ್ತಿದ್ದವರು. ಅಮ್ಮನ ಮಡಿ, ಮೈಲಿಗೆ ಆಸ್ಪತ್ರೆಗೂ ಜೊತೆಗೇ ಬಂದಿತ್ತು. ದಿನಕ್ಕೆ ಎರಡು ಸಲ ಫ್ಲಾಸ್ಕಿನಿಂದ ಆಯಮ್ಮನಿಗೆ ಕಾಫಿ ಕೊಡುತ್ತಿದ್ದಳು, ಧಾರಾಳವಾಗಿಯೇ. ಆದರೆ ಅದಕ್ಕೆಂದೇ ಮನೆಯಿಂದ ಒಂದು ಬಣ್ಣ ಹೋದ ಪ್ಲಾಸ್ಟಿಕ್ ಲೋಟ ತಂದಿದ್ದಳು. ಅದು ಕಿಟಕಿಯ ಆಚೆ ಕಟ್ಟೆಯ ಮೇಲಿರುತ್ತಿತ್ತು. ಆಯಮ್ಮ ತಾವೇ ಅದನ್ನು ತಂದು ಹಿಡಿಯುತ್ತಿದ್ದರು, ಅಮ್ಮ ಮೇಲಿನಿಂದ ಹುಯ್ಯುತ್ತಿದ್ದಳು, ಕುಡಿದಾದ ಮೇಲೆ ಅವರೇ ತೊಳೆದು ಮತ್ತೆ ಕಟ್ಟೆಯ ಮೇಲಿಡುತ್ತಿದ್ದರು. ಯಾರೂ ಯಾರಿಗೂ ಏನೂ ಹೇಳಲಿಲ್ಲ. ನಾನು ನೋಡುತ್ತಿದ್ದೆ. ಕಾಲೇಜಿನಲ್ಲಿ ಸಮಾನತೆಯ ಬಗ್ಗೆ ಭಾಷಣ ಮಾಡಿ ಬಹುಮಾನ ತೆಗೆದುಕೊಂಡಿದ್ದ ನಾನು, ಹಾಸಿಗೆಯ ಮೇಲೆ ಕೂತು ನೋಡುತ್ತಿದ್ದೆ.

ಮೂರನೆಯ ದಿನ ಬೆಳಿಗ್ಗೆ ನೋವು ಕಾಣಿಸಿಕೊಂಡಿತು. ಬಿಸಿನೀರಿನ ಚೀಲ ಸೊಂಟಕ್ಕೆ ಕಟ್ಟಿ, ಕಾರಿಡಾರಿನಲ್ಲಿ ನಡೆಸಿ, ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂರಿಸಿ ಬೆನ್ನಿಗೆ ಚೊಂಬುಚೊಂಬು ಬಿಸಿನೀರು ಹುಯ್ದು, ಆಯಮ್ಮ ಒಂದು ಗಳಿಗೆಯೂ ಬಿಟ್ಟುಹೋಗಲಿಲ್ಲ. "ಬಂತಾ? ಹತ್ತು." ನಾನು ಹತ್ತುತ್ತಿದ್ದೆ. ಅವರ ಅಂಗೈ ಬೆನ್ನಿಗೆ ಬಂದು ಕೂರುತ್ತಿತ್ತು. ಮಾರ್ಕೆಟ್ಟಿನ ನೂಕುನುಗ್ಗಲಲ್ಲಿ ಕಣ್ಣು ಕತ್ತಲಾಗುತ್ತಿತ್ತು, ಸಿಟಿ ಸ್ಟ್ಯಾಂಡಿನಲ್ಲಿ ಹಗುರಾಗುತ್ತಿತ್ತು. ಇರುವೆ ಕಡಿತಕ್ಕೆ ಅಳುವ ನಾನು ಮಧ್ಯಾಹ್ನದವರೆಗೂ ಒಂದು ಸಲವೂ ಕಿರುಚಲಿಲ್ಲ. ಡಾಕ್ಟರಮ್ಮ ಬಂದು ನೋಡಿ "ನಾಲ್ಕು" ಎಂದರು, ಆಮೇಲೆ "ಏಳು" ಎಂದರು. ಗರ್ಭಕೋಶದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿದೆ ಎಂಬ ಲೆಕ್ಕವಂತೆ ಅದು. ಹತ್ತಾದರೆ ಮಗು ಹೊರಗೆ ಬರಲು ದಾರಿ ಪೂರ್ತಿ.

ಏಳರ ನಂತರದ್ದು ಬೇರೆಯೇ. ಎರಡು ಬಸ್ಸು ಒಟ್ಟಿಗೇ ಬರತೊಡಗಿದವು. ಮೈಮೇಲಿನ ಬಟ್ಟೆಯೂ ಬೇಡ, ಫ್ಯಾನಿನ ಗಾಳಿಯೂ ಬೇಡ, ಚರ್ಮವೇ ಬೇಡ ಎನ್ನಿಸುತ್ತಿತ್ತು. ಆಯಮ್ಮ ಬೆನ್ನಿಗೆ ಕೈಯಿಟ್ಟರು. ನಾನು ಮೊಣಕೈಯಿಂದ ಅವರನ್ನು ತಳ್ಳಿದೆ.

"ಮುಟ್ಬೇಡ ನನ್ನ."

ಎರಡು ದಿನದಿಂದ ನೀವು, ತಾವು ಎನ್ನುತ್ತಿದ್ದವಳು ಹಾಗೆಂದೆ. ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಆಯಮ್ಮನ ಕೈ ಬೆನ್ನಿನಿಂದ ಹೋಯಿತು. ಆ ಹೊತ್ತಿನಲ್ಲಿ ಹೆಂಗಸರು ಏನೇನೋ ಬಯ್ಯುತ್ತಾರೆ, ಅದು ಅವರಿಗೆ ಗೊತ್ತಿರದ್ದಲ್ಲ. ನನ್ನ ನೋವು ಮಾತಾಡಿತು ಎಂದೇ ಅವರು ತಿಳಿಯಬಹುದಿತ್ತು. ಆದರೆ ಆ ಮಾತನ್ನು ಅವರು ಬೇರೆ ಎಷ್ಟು ಜನರ ಬಾಯಲ್ಲಿ, ಎಷ್ಟು ಸಲ ಕೇಳಿದ್ದರೋ... ನಾಲ್ಕು ಹೆಜ್ಜೆ ಹಿಂದೆ ಸರಿದು ಕಪಾಟಿನ ಪಕ್ಕ ನಿಂತರು. ಅಲ್ಲಿಂದಲೇ ಸ್ಟಾಪು ಹೇಳಿದರು, ಒಂದೂ ತಪ್ಪಲಿಲ್ಲ. ಆದರೆ ಬೆನ್ನು ಖಾಲಿ. ಆಗ ನಾನು ಕಿರುಚಿದೆ. ನರ್ಸ್ ಬಂದು ಬೆನ್ನು ಒತ್ತಿದಳು, ಅದು ಆ ಜಾಗ ಅಲ್ಲ. ಆಯಮ್ಮನನ್ನು ಕರೆಯಬೇಕೆಂದು ತಿಳಿದಿತ್ತು, ಉಸಿರಿರಲಿಲ್ಲ.

ಡಾಕ್ಟರಮ್ಮ ಮತ್ತೆ ಪರೀಕ್ಷೆ ಮಾಡಿ "ಹತ್ತು" ಎಂದರು. ನಾನು ಕಣ್ಣು ಮುಚ್ಚಿಕೊಂಡು ವಿಧೇಯಳಾಗಿ "ಬನ್ನಿಮಂಟಪ" ಎಂದೆ. ಡಾಕ್ಟರಮ್ಮ ಕಕ್ಕಾಬಿಕ್ಕಿ. "ಬನ್ನಿಮಂಟಪ ಯಾಕಮ್ಮ? ಮುಕ್ಕು, ಕೆಳಕ್ಕೆ ತಳ್ಳು" ಎಂದರು. ನರ್ಸ್ ನಕ್ಕಳು, ಬಾಗಿಲಲ್ಲಿದ್ದ ಅಮ್ಮನೂ ನಕ್ಕಳು. ಕಪಾಟಿನ ಪಕ್ಕದಿಂದ ಆಯಮ್ಮ ನಕ್ಕದ್ದೂ ಕೇಳಿಸಿತು. ಆದರೆ ಹತ್ತಿರ ಬರಲಿಲ್ಲ.

ಅರ್ಧ ಗಂಟೆಗೆ ಮಗಳು ಹುಟ್ಟಿದಳು. ಅವಳನ್ನು ಮೊದಲು ಒರೆಸಿ, ಬಟ್ಟೆ ಸುತ್ತಿದವರು ಆಯಮ್ಮ. ತಂದು ನನ್ನ ಕೈಗೆ ಕೊಡಲಿಲ್ಲ, ಪಕ್ಕದಲ್ಲಿ ಮಲಗಿಸಿದರು. "ಹೆಣ್ಣು ಮಗು ಅಮ್ಮಾವ್ರೆ, ಚೆನ್ನಾಗೈತೆ" ಎಂದರು. ಅಲ್ಲಿಯವರೆಗೆ ನಾನು 'ಕಣವ್ವ' ಆಗಿದ್ದೆ. ಆ ಸುಸ್ತಿನಲ್ಲಿ ಅದು ನನಗೆ ಗೊತ್ತೇ ಆಗಲಿಲ್ಲ. ಆಮೇಲಿನ ದಿನಗಳಲ್ಲಿ ನಮ್ಮ ಕೋಣೆಗೆ ಬೇರೆ ಆಯಾ ಬಂದಳು. ಇವರಿಗೆ ಕೆಳಗಡೆ ಡ್ಯೂಟಿ ಬಿದ್ದಿರಬೇಕು ಎಂದುಕೊಂಡೆ.

ಅರ್ಥವಾದದ್ದು ತವರಿಗೆ ಬಂದ ಮೇಲೆ. ಪುರುಡಿನ ಹತ್ತು ದಿನ ಬಾಣಂತಿಯನ್ನು ಯಾರೂ ಮುಟ್ಟುವಂತಿಲ್ಲ. ನನ್ನನ್ನು ಹಿಂದಿನ ಕೋಣೆಯಲ್ಲಿ ಕೂರಿಸಿದ್ದರು. ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಹೋಗುತ್ತಿದ್ದರು. ಚಿಕ್ಕಮ್ಮನ ಮಗಳು, ನಾಲ್ಕು ವರ್ಷದವಳು, ಪಾಪು ನೋಡಲು ಓಡಿ ಬಂದಾಗ ಹಿಂದಿನಿಂದ ಯಾರೋ ಕೂಗಿದರು, "ಅವಳನ್ನ ಮುಟ್ಬೇಡ ಕಣೇ." ಹುಡುಗಿ ಗಕ್ಕನೆ ನಿಂತು ಕೈ ಹಿಂದಕ್ಕೆ ಕಟ್ಟಿಕೊಂಡಿತು. ಆ ಮಾತು ನನ್ನ ಕಿವಿಗೆ ಬಿತ್ತು. ನಾನು ಯಾರಿಗೆ ಏನಂದೆ ಎಂದು ಆಗ ತಿಳಿಯಿತು. ಮಗು ಪಕ್ಕದಲ್ಲಿಟ್ಟುಕೊಂಡು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಬಾಣಂತಿ ಅಳಬಾರದು, ಕಣ್ಣಿಗೆ ಕೆಟ್ಟದ್ದು ಎಂದು ಅಮ್ಮ ಹೊಸ್ತಿಲಾಚೆಯಿಂದ ಗದರಿದಳು.

ಹೋಗಿ ಹೇಳಬೇಕು ಎಂದುಕೊಂಡೆ. "ನಾನಂದದ್ದು ಆ ಅರ್ಥದಲ್ಲಲ್ಲ ಆಯಮ್ಮ, ತಪ್ಪಾಯಿತು" ಅಷ್ಟೇ. ಬಾಣಂತನ ಮುಗಿಯಲಿ ಎಂದುಕೊಂಡೆ. ಮುಗಿದ ಮೇಲೆ ರಾಮಕೃಷ್ಣನಗರದ ನಮ್ಮ ಮನೆಗೆ ಬಂದೆ. ಪೇಟೆಗೆ ಹೋಗುವಾಗಲೆಲ್ಲ ಬಸ್ಸಿನ ಕಿಟಕಿಯಿಂದ ನರ್ಸಿಂಗ್ ಹೋಮಿನ ಬೋರ್ಡು ಕಾಣುತ್ತಿತ್ತು. ಮಗುವಿಗೆ ಜ್ವರ, ಮನೆಗೆ ನೆಂಟರು, ಮುಂದಿನ ವಾರ... ಹೋಗದಿರಲು ಕಾರಣಗಳಿಗೇನು ಬರ. ನಿಜ ಹೇಳಬೇಕೆಂದರೆ, ಅರ್ಥ ಅದಲ್ಲ ಎಂದು ಹೇಳಿದರೆ ಆ ಪ್ಲಾಸ್ಟಿಕ್ ಲೋಟಕ್ಕೆ ಏನು ಹೇಳಲಿ ಎಂಬ ಅಳುಕು.

ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ಅವರು ಸಿಕ್ಕರು. ಬನ್ನಿಮಂಟಪದ ಕಡೆ ನೆಂಟರ ಮನೆಗೆ ಹೊರಟಿದ್ದೆ. ಬಸ್ಸಿನಲ್ಲಿ ಮಗಳನ್ನು ಕೂರಿಸಿ ನಾನು ಕಂಬಿ ಹಿಡಿದು ನಿಂತಿದ್ದೆ. ಹಿಂದಿನ ಸೀಟಿನಿಂದ ದನಿ ಬಂತು. "ಬೆನ್ನು ನೋಡೇ ಗುರ್ತು ಹಿಡಿದೆ. ಚೆನ್ನಾಗಿದ್ದೀರಾ ಅಮ್ಮಾವ್ರೆ?"

ತಿರುಗಿದೆ. ಕೂದಲು ಪೂರ್ತಿ ನೆರೆತಿತ್ತು. ಮಂಡಿ ನೋವೆಂದು ಕೆಲಸ ಬಿಟ್ಟಿದ್ದರಂತೆ. ಅವರ ಪಕ್ಕದ ಸೀಟು ಖಾಲಿಯಾಗಿ ನಾನೂ ಮಗಳೂ ಅಲ್ಲಿಗೆ ಹೋದೆವು. ಅವರು ಮಗಳನ್ನೇ ನೋಡುತ್ತಿದ್ದರು, ಕೈಯೆರಡನ್ನೂ ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು. ಆಮೇಲೆ ಮೆಲ್ಲಗೆ ಕೇಳಿದರು.

"ಮಗೂನ ಮುಟ್ಬೋದಾ?"

ಈ ಲೋಕದಲ್ಲಿ ಅವಳನ್ನು ಮೊಟ್ಟಮೊದಲು ಮುಟ್ಟಿದವರು ಅವರು. "ಅದೇನು ಕೇಳ್ತೀರಿ ಆಯಮ್ಮ" ಎಂದು ಮಗಳನ್ನು ಎತ್ತಿ ಅವರ ತೊಡೆಯ ಮೇಲೆ ಕೂರಿಸಿದೆ. ಅವರು ಅವಳ ಬೆನ್ನನ್ನು ಅಂಗೈಯಿಂದ ಮೇಲಿನಿಂದ ಕೆಳಗೆ ಸವರಿದರು. "ನೆಟ್ಟಗೈತೆ. ನಿಮ್ ಥರ ಡೊಂಕಿಲ್ಲ" ಎಂದು ನಕ್ಕರು. ಈಗ ಹೇಳು, ಈಗ ಹೇಳು ಎಂದು ಒಳಗಿನಿಂದ ಯಾರೋ ತಿವಿಯುತ್ತಿದ್ದರು. ಮುಂದೆ ಹಿಂದೆ ಜನ. ಕಂಡಕ್ಟರ್ ಚೀಟಿ ಹರಿಯುತ್ತ ಬರುತ್ತಿದ್ದ. ಬನ್ನಿಮಂಟಪ ಬಂತು, ಎಲ್ಲರೂ ಇಳಿದೆವು. ಬೀದಿಯಲ್ಲಿ ನಿಂತು ನಾನು ಹೇಳಿದ್ದು "ಒಂದ್ಸಲ ಮನೆಗೆ ಬನ್ನಿ" ಎಂದು. ವಿಳಾಸವನ್ನೂ ಕೊಡಲಿಲ್ಲ. "ಆಗಲಿ ಅಮ್ಮಾವ್ರೆ" ಎಂದು ಮಂಡಿ ಹಿಡಿದುಕೊಂಡು ನಡೆದುಹೋದರು.

ಕೆಲವು ವರ್ಷದ ನಂತರ ಧೈರ್ಯ ಮಾಡಿ ಹುಡುಕಿಕೊಂಡು ಹೋದೆ. ನರ್ಸಿಂಗ್ ಹೋಮಿದ್ದ ಕಟ್ಟಡದಲ್ಲಿ ಟ್ಯುಟೋರಿಯಲ್ ನಡೆಯುತ್ತಿತ್ತು. ಎದುರಿನ ಹಳೆಯ ಮೆಡಿಕಲ್ ಸ್ಟೋರಿನವರು, "ಬಸ್ಸಿನ ಆಯಮ್ಮ ತಾನೇ? ಹೋಗ್ಬುಟ್ರಲ್ಲ ಮೇಡಂ, ಎರಡು ವರ್ಷದ ಮೇಲಾಯ್ತು" ಎಂದರು. ನಾನು ಅಲ್ಲಿಯೇ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಮನೆಗೆ ಬಂದೆ.

ಇದನ್ನೆಲ್ಲ ಮೊನ್ನೆ ಮಗಳಿಗೆ ಹೇಳಿದೆ. ಲೋಟದ್ದನ್ನೂ ಬಿಡಲಿಲ್ಲ, ಆ ಮಾತನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ, ಈ ವಯಸ್ಸಿನಲ್ಲಿ. ಅವಳು ಬಿಸಿನೀರಿನ ಚೀಲ ಪಕ್ಕಕ್ಕಿಟ್ಟಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೊನೆಗೆ ಕೇಳಿದಳು, "ಅವರ ಹೆಸರೇನಮ್ಮ? ಹೆಣ್ಣಾದ್ರೆ ಇಡೋಣ."

"ಗೊತ್ತಿಲ್ಲ ಕಣೇ," ಎಂದೆ. "ನಾನು ಕೇಳಲೇ ಇಲ್ಲ."