ಮಾವ ಕೊಡದ ಒಂದು ನಿಮಿಷ

ನನ್ನ ಮಾವ ಬಾಂಬರ್ ವಿಮಾನದ ಪೈಲಟ್ ಆಗಿದ್ದವರು. ಯುದ್ಧದಲ್ಲಿ ಸಿಕ್ಕ ಪದಕ ಸೂಜಿ-ದಾರದ ಡಬ್ಬದಲ್ಲಿತ್ತು. ಎದೆಗೆ ಸಿಕ್ಕಿಸಿದ್ದನ್ನು ಯಾರೂ ಕಂಡಿಲ್ಲ. ಕಾರಣ ಗೊತ್ತಾಗಿದ್ದು ಡಾಕ್ಟರು ಕೈಚೆಲ್ಲಿದ ಮೇಲೆ, ಮಾವನೇ ಹೇಳಿದಾಗ.

ಬಾಂಬು ಬಿಟ್ಟ ಮೇಲೆ ಒಬ್ಬ ಟಾರ್ಚ್ ಹಿಡಿದು ವಿಮಾನದ ಹೊಟ್ಟೆ ಖಾಲಿಯಾಯಿತೇ ಎಂದು ನೋಡಬೇಕು, ಆಮೇಲಷ್ಟೇ ಬಾಗಿಲು ಮುಚ್ಚಬೇಕು. ಆ ದಿನ ಕೆಳಗಿನಿಂದ ಗುಂಡಿನ ಸುರಿಮಳೆ.

"ಒಂದ್ನಿಮಿಷ ಸಾರ್, ನೋಡ್ಬಿಡ್ತೀನಿ."

"ನೋಡೋದೇನಿದೆ, ಮುಚ್ಚಯ್ಯ!" ಎಂದು ಮಾವ ಕೂಗಿದರು.

ವಾಪಸು ಬರುವಾಗ ಅರ್ಧ ದಾರಿಯಲ್ಲಿ ತಿಳಿಯಿತು, ಒಂದು ಬಾಂಬು ಕೊಕ್ಕೆಯಲ್ಲೇ ನೇತಾಡುತ್ತಿದೆ. ಮುಚ್ಚಿದ ಬಾಗಿಲು ಮತ್ತೆ ತೆರೆಯಲಿಲ್ಲ. ನೆಲಕ್ಕೆ ತಾಗಿದರೆ ಬಾಂಬು ಸಿಡಿಯಬಹುದೆಂದು ಮಾವ ಎಲ್ಲರಿಗೂ ಹಾರಲು ಹೇಳಿದರು. ಕಾಲಿಗೆ ಗುಂಡು ತಗುಲಿದ್ದ ಗನ್ನರ್ ಹಾರುವಂತಿರಲಿಲ್ಲ. ಅವನಿಗಾಗಿ, ತುಂಬುಬಸುರಿಯನ್ನು ಮೆಟ್ಟಿಲಿಳಿಸಿದ ಹಾಗೆ, ವಿಮಾನವನ್ನು ನೆಲಕ್ಕಿಳಿಸಿದರು. ಗನ್ನರ್ ಉಳಿದ, ಪದಕ ಬಂತು. ಟಾರ್ಚಿನವನ ಪ್ಯಾರಾಚೂಟ್ ಮಾತ್ರ ಬಿಚ್ಚಿಕೊಳ್ಳಲಿಲ್ಲ. ಸರಿಯಾಗಿ ನೋಡದ ತಪ್ಪು ಅವನದೇ ಎಂದು ವರದಿಯಾಯಿತು. ಮಾವ ಬಾಯಿ ಬಿಡಲಿಲ್ಲ.

ಆಮೇಲೆ ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದರು. ಗಾಡಿಯ ಸುತ್ತ ಒಮ್ಮೆ ನೋಡದೆ ಕೀ ತಿರುಗಿಸಿದವರಿಗೆ ಅಂದು ಪಾಠವಿಲ್ಲ.

ಇದನ್ನೆಲ್ಲ ಕೇಳಿದ ಮೇಲೆ ನಾನು ಟಾರ್ಚಿನವನ ತಂಗಿಯನ್ನು ಹುಡುಕಿ ಫೋನ್ ಮಾಡಿದೆ. ನಿವೃತ್ತ ನರ್ಸ್. ಶುಕ್ರವಾರ ಬರುತ್ತೇನೆ ಎಂದರು. ಬುಧವಾರವೇ ಮಾವನ ಉಗುರು ನೀಲಿಯಾಗತೊಡಗಿತು.

"ಮಾವ, ಅವ್ರಿಗೆ ನಾನೇ ಹೇಳ್ಲಾ?"

"ಬೇಡ ತಾಯಿ, ನನ್ನ ಬಾಯಿಂದಲೇ ಬರ್ಬೇಕು. ಇಳಿಯೋಕೆ ಜಾಗ ಸಿಗೋ ತನಕ ಸುತ್ತುತಾ ಇರ್ತೀನಿ ಬಿಡು." ನಗಲು ಹೋಗಿ ಕೆಮ್ಮಿದರು.

ಶುಕ್ರವಾರ ಬಸ್ಸು ತಡ. ಮಗುವನ್ನು ಸೊಂಟದಲ್ಲಿಟ್ಟುಕೊಂಡು ಕಿಟಕಿಗೂ ಮಂಚಕ್ಕೂ ಓಡಾಡಿದೆ. ಮಾವನ ಎರಡು ಉಸಿರಿನ ನಡುವಿನ ಹೊತ್ತು ಎಣಿಸಿದೆ. ಮಧ್ಯಾಹ್ನ ಎರಡಕ್ಕೆ ಆಕೆ ಬಂದರು. ಮಾವ ಆಕ್ಸಿಜನ್ ಮಾಸ್ಕ್ ಸರಿಸಿದರು.

"ನಿಮ್ಮಣ್ಣ ನೋಡ್ತೀನಿ ಅಂದ. ನಾನೇ... ಬೇಡ ಅಂದೆ."

ಆಕೆ ಚೀಲ ಕೆಳಗಿಟ್ಟರು. "ನಮ್ಮಪ್ಪ ಸಾಯೋವರೆಗೂ ನಾಲ್ಕು ಜನರ ಮುಂದೆ ತಲೆ ಎತ್ತಲಿಲ್ಲ. ಈಗ ಹೇಳ್ತಿದೀರಾ?"

"ಹೆದರ್ಕೊಂಡಿದ್ದೆ."

"ಬರ್ದುಕೊಡಿ."

ಮಾವ ಹೇಳಿದರು, ನಾನು ಬರೆದೆ. ಸಹಿ ಹಾಕಲು ಮೂರು ಸಲ ಪೆನ್ನು ಜಾರಿತು. ನಾಲ್ಕನೆಯ ಸಲ ಆಕೆಯೇ ಅವರ ಮಣಿಕಟ್ಟು ಹಿಡಿದರು.

ಸಂಜೆ ಐದಕ್ಕೆ ಮಾವ ಹೋದರು. ನಾಡಿ ನೋಡಿ, ಕಣ್ಣು ಮುಚ್ಚಿಸಿದವರೂ ಆಕೆಯೇ. ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಕಾಗದವನ್ನು ಚೀಲಕ್ಕೆ ಹಾಕಿಕೊಂಡು, "ವಾಯುಪಡೆ ಆಫೀಸು ಸೋಮವಾರ ಎಷ್ಟೊತ್ತಿಗೆ ತೆಗೀತಾರಮ್ಮ?" ಎಂದರು.

ಹತ್ತಕ್ಕೆ. ಬರೆದವಳು ನಾನಾದ್ದರಿಂದ ಸಾಕ್ಷಿಗೆ ನಾನೂ ಹೋಗುತ್ತೇನೆ. ಮಗುವನ್ನು ಅಕ್ಕ ನೋಡಿಕೊಳ್ಳುತ್ತಾಳೆ.